ಮೀನಿನ ಇಮ್ಯುನಿಟಿಗೂ ಬ್ರೇಕ್ ಇದೆ, ಅದನ್ನು ಮರೆತು ಪುಡಿ ಮಾರಲಾಗುತ್ತಿದೆ

ಕೆರೆ ಗುತ್ತಿಗೆ ಹಿಡಿದು ಮೀನು ಸಾಕುವ ನನ್ನ ಮಾವ ಕಳೆದ ಸಲ ಒಂದು ಪೊಟ್ಟಣ ತೋರಿಸಿದರು. ಮೇಲೆ ‘ಇಮ್ಯುನಿಟಿ ಬೂಸ್ಟರ್’ ಅಂತಿತ್ತು. "ಇದನ್ನ ಹಾಕಿದ್ರೆ ಮೀನಿಗೆ ಕಾಯಿಲೆನೇ ಬರಲ್ವಂತೆ, ಹೌದೇನೋ?" ಅಂದರು. ಕೋವಿಡ್ ಕಾಲದಲ್ಲಿ ಅದೇ ಹೆಸರಿನ ಕಷಾಯ ಕುಡಿದವನು ನಾನು, ಏನಂತ ಹೇಳಲಿ? ಆಮೇಲೆ ಕೂತು ಓದಿದೆ.

ಬೂಸ್ಟರ್ ಅನ್ನೋ ಪದದಲ್ಲೇ ಎಡವಟ್ಟಿದೆ. ರೋಗನಿರೋಧಕತೆ ಟ್ಯಾಂಕಿಗೆ ತುಂಬುವ ನೀರಲ್ಲ. ಅದು ಸ್ವಿಚ್ಚುಗಳ ಲೆಕ್ಕ.

ಮೀನಿನ ಜೀವಕೋಶಕ್ಕೆ ವೈರಸ್ ನುಗ್ಗಿದಾಗ ಒಳಗಿನ ಕಾವಲು ಪ್ರೋಟೀನುಗಳು ಅದರ ಆರ್‌ಎನ್‌ಎಯನ್ನು ಗುರುತಿಸುತ್ತವೆ. ಸುದ್ದಿ ಕೈಯಿಂದ ಕೈಗೆ ದಾಟಿ ಟಿಬಿಕೆ1 ಎಂಬ ಕಿಣ್ವಕ್ಕೆ ಮುಟ್ಟುತ್ತದೆ. ಅದು ಐಆರ್‌ಎಫ್3 ಎಂಬ ನಿಯಂತ್ರಕ ಪ್ರೋಟೀನಿನ ಮೇಲೆ ಫಾಸ್ಫೇಟಿನ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ಐಆರ್‌ಎಫ್3 ಕೋಶಕೇಂದ್ರಕ್ಕೆ ಹೋಗಿ ಇಂಟರ್‌ಫೆರಾನ್ ಜೀನನ್ನು ಚಾಲೂ ಮಾಡುತ್ತದೆ. ಇಂಟರ್‌ಫೆರಾನ್ ಅಂದರೆ ಅಕ್ಕಪಕ್ಕದ ಕೋಶಗಳಿಗೆ ಹೋಗುವ ಡಂಗುರ. ಪ್ರತಿಕಾಯ ತಯಾರಿಸುವ ವ್ಯವಸ್ಥೆ ಇನ್ನೂ ಬಲಿಯದ ಮೀನುಮರಿಗಳು ಬದುಕೋದೇ ಇಂಥ ಹುಟ್ಟುರಕ್ಷಣೆಯಿಂದ.

ವೈರಸ್ಸಿಗೂ ಈ ಗುಟ್ಟು ಗೊತ್ತು. ಕಾರ್ಪ್ ಮೀನುಗಳನ್ನು ಕಾಡುವ ಎಸ್‌ವಿಸಿವಿ, ರೇಬೀಸ್ ವೈರಸ್ಸಿನ ಕುಟುಂಬದ್ದು. ಅದರ ಪಿ ಪ್ರೋಟೀನ್ ಟಿಬಿಕೆ1 ಎದುರು ತಾನೇ ಹೋಗಿ ನಿಂತು, ಐಆರ್‌ಎಫ್3ಗೆ ಬೀಳಬೇಕಾದ ಮುದ್ರೆಯನ್ನು ತನ್ನ ಮೇಲೆ ಹಾಕಿಸಿಕೊಳ್ಳುತ್ತದೆ! ಡಂಗುರ ಹೊರಡುವುದೇ ಇಲ್ಲ.

ಇನ್ನು ಬ್ರೇಕು. 2014ರಲ್ಲಿ ವುಹಾನಿನ ಜಲಜೀವಿ ವಿಜ್ಞಾನಿಗಳು (ಹೌದು, ಅದೇ ಊರು) ಜೀಬ್ರಾಫಿಶ್‌ನಲ್ಲಿ ಐಆರ್‌ಎಫ್10 ಏನು ಮಾಡುತ್ತದೆಂದು ತೋರಿಸಿದರು. ಐಆರ್‌ಎಫ್3ರ ಮನೆತನದ್ದೇ, ಕೆಲಸ ಮಾತ್ರ ಉಲ್ಟಾ. ಇಂಟರ್‌ಫೆರಾನ್ ಏರಿದಾಗ ಇದೂ ಏರಿ, ಅದೇ ಜೀನಿನ ಸ್ವಿಚ್ಚನ್ನು ಹಿಡಿದು ಕೂರುತ್ತದೆ. ಮನುಷ್ಯರಲ್ಲಿ ಈ ಪ್ರೋಟೀನ್ ಇಲ್ಲ. ಡಂಗುರ ನಿಲ್ಲದಿದ್ದರೆ ಮೀನಿನ ಸ್ವಂತ ಅಂಗಾಂಶಕ್ಕೇ ಪೆಟ್ಟು, ಅದಕ್ಕೇ ಈ ಏರ್ಪಾಟು.

ಹಾಗಾದರೆ ಮಾವನ ಪುಡಿ ಯಾವ ಸ್ವಿಚ್ಚು ಒತ್ತುತ್ತದೆ? ಎಷ್ಟು ದಿನ? ಕೆಲವು ಪದಾರ್ಥಗಳಿಗೆ ಪ್ರಯೋಗದ ಆಧಾರ ಇದೆ, ಎಲ್ಲವನ್ನೂ ತಳ್ಳಿಹಾಕುತ್ತಿಲ್ಲ. ಆದರೆ ಆ ಪೊಟ್ಟಣದಲ್ಲಿ ಯಾವ ಮೀನಿನ ಮೇಲೆ ಪರೀಕ್ಷಿಸಿದ್ದು ಅಂತ ಒಂದು ಸಾಲೂ ಇರಲಿಲ್ಲ. ಜೊತೆಗೆ ಕೊಟ್ಟಿದ್ದ ಆ್ಯಂಟಿಬಯೋಟಿಕ್ಕಂತೂ ವೈರಸ್ಸಿಗೆ ತಾಗುವುದೇ ಇಲ್ಲ, ನೀರಿನ ಬ್ಯಾಕ್ಟೀರಿಯಾಗಳನ್ನು ಔಷಧಿಗೆ ಬಗ್ಗದಂತೆ ಪಳಗಿಸುತ್ತದೆ ಅಷ್ಟೆ. ನಾವು ಕೇಳಬೇಕಾದ್ದು ಇದನ್ನೇ: ಪರೀಕ್ಷೆಯ ವಿವರವನ್ನು ಲೇಬಲ್ಲಿನಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ. "ಅಲ್ಲೀತಂಕ ಕೊಳ್ಬೇಡಿ ಮಾವ" ಅಂದೆ. "ಅರ್ಧ ಚೀಲ ಆಗ್ಲೇ ಹಾಕಾಯ್ತಲ್ಲೋ" ಅಂದರು.