ಹಿರಿಯರ ಕಾಲಿನ ಬಲ: ಕರೆಂಟ್ ಚಿಕಿತ್ಸೆ ಯಾರಿಗೆ ಬೇಕು?



ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಮುರಿದವರು, ಕೆ.ಆರ್. ನಗರದ ಗದ್ದೆಗಳಲ್ಲಿ ನಾಟಿ ಹಾಕಿದವರು, ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸಿದವರು ನಮ್ಮ ಅತ್ತೆ, ಅಮ್ಮಂದಿರು. ವಯಸ್ಸಾದ ಮೇಲೆ "ದುಡಿದಿದ್ದು ಸಾಕು, ಕೂತ್ಕೊಳ್ಳಿ" ಅಂತ ನಾವೇ ಪ್ರೀತಿಯಿಂದ ಹೇಳುತ್ತೇವೆ. ಆದರೆ ಸದಾ ಕೂತೇ ಇದ್ದರೆ ತೊಡೆಯ ಮಾಂಸಖಂಡ ಕರಗುತ್ತದೆ. ಆಮೇಲೆ ಚಾಪೆಯಿಂದ ಏಳೋಕೇ ಆಗೋದಿಲ್ಲ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಅವರಿಗೂ ನರಳಾಟ, ನೋಡಿಕೊಳ್ಳುವ ಹೆಂಗಸಿಗೂ ಕೂಲಿ ನಷ್ಟ.

ಕರೆಂಟ್ ಕೊಡುವುದು ಅಂದರೇನು?

ತೊಡೆಗೆ ಪ್ಯಾಡ್ ಅಂಟಿಸಿ, ಚಿಕ್ಕ ಯಂತ್ರದಿಂದ ಸ್ವಲ್ಪವೇ ವಿದ್ಯುತ್ ಹರಿಸುತ್ತಾರೆ. ಆಗ ಮಾಂಸಖಂಡ ಕೆಲವು ಸೆಕೆಂಡು ಬಿಗಿಯಾಗಿ, ಮತ್ತೆ ಸಡಿಲವಾಗುತ್ತದೆ. ಕೂತಲ್ಲೇ ಕಾಲಿಗೆ ಕೆಲಸ ಸಿಕ್ಕಂತೆ. ಆಸ್ಟ್ರಿಯಾ ದೇಶದಲ್ಲಿ ವ್ಯಾಯಾಮವಿಲ್ಲದ ವೃದ್ಧರಿಗೆ 9 ವಾರ ಹೀಗೆ ಮಾಡಿದಾಗ ಕಾಲಿನ ಬಲ ಹೆಚ್ಚಿತೆಂದು ಸಂಶೋಧಕರು 2014ರಲ್ಲಿ ತಿಳಿಸಿದರು. ನಿಲ್ಲಿಸಿ ಮತ್ತೆ ಸುಮ್ಮನೆ ಕೂತರೆ ಬಂದ ಬಲ ಉಳಿಯದು. ನೋವು ತಗ್ಗಿಸಲು ಕೊಡುವ ಕರೆಂಟೇ ಬೇರೆ, ಅದರಿಂದ ಮಾಂಸಖಂಡ ಬೆಳೆಯುವುದಿಲ್ಲ.

ಯಾರಿಗೆ ಉಪಯೋಗ?

ಪಾರ್ಶ್ವವಾಯು, ಆಪರೇಷನ್ ಅಥವಾ ದೀರ್ಘ ಕಾಯಿಲೆಯಿಂದ ಹಾಸಿಗೆ ಹಿಡಿದು, ತಾವಾಗಿ ವ್ಯಾಯಾಮ ಮಾಡಲಾಗದವರಿಗೆ. ಡಾಕ್ಟರ್ ಸಲಹೆ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರವೇ ಮಾಡಿಸಬೇಕು.

ಯಾರಿಗೆ ಅಪಾಯ?

- ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ
- ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ
- ಪ್ಯಾಡ್ ಇಡುವ ಜಾಗದಲ್ಲಿ ಗಾಯ ಅಥವಾ ಕ್ಯಾನ್ಸರ್ ಗೆಡ್ಡೆ ಇದ್ದವರಿಗೆ
- ಸಕ್ಕರೆ ಕಾಯಿಲೆಯಿಂದ ಕಾಲು ಸ್ಪರ್ಶ ಕಳೆದುಕೊಂಡವರಿಗೆ. ಚರ್ಮ ಸುಟ್ಟರೂ ಇವರಿಗೆ ಗೊತ್ತಾಗುವುದಿಲ್ಲ.

ಸಂಘದ ಸಾಲ ತೆಗೆದು ಯಂತ್ರ ಕೊಳ್ಳಬೇಡಿ

ಎದ್ದು ನಿಲ್ಲಬಲ್ಲವರಿಗೆ ಯಂತ್ರವೇ ಬೇಕಿಲ್ಲ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತರಿಸಿಡಿ. ಬೆಳಿಗ್ಗೆ 5 ಸಲ, ಸಂಜೆ 5 ಸಲ ಎದ್ದು ಕೂರಲಿ. ಪಕ್ಕದಲ್ಲಿ ಒಬ್ಬರು ಇರಿ. ರೂಢಿಯಾದ ಮೇಲೆ 10ಕ್ಕೆ ಏರಿಸಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮುದ್ದೆಗೆ ಬರೀ ತಿಳಿಸಾರು ಸಾಲದು; ಹುರುಳಿಕಾಳು, ಅವರೆಕಾಳು, ಮೊಟ್ಟೆ, ಹಾಲು ಕೊಡಿ. ಕಿಡ್ನಿ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಫಿಸಿಯೋಥೆರಪಿ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯರ ಉಚಿತ ಸಹಾಯವಾಣಿ: 14567.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟುವಾಗ ಪ್ರತಿಯೊಬ್ಬರೂ ಹೇಳಿ: ನಮ್ಮ ಮನೆಯ ಹಿರಿಯರು ಇವತ್ತು ಎಷ್ಟು ಸಲ ಎದ್ದು ನಿಂತರು?