ಬರಿದಾದ ಕಪಾಟಿನ ಮುಂದೆ

ಅಮೆರಿಕೆಯ ದಿನಸಿ ಮಳಿಗೆಯೊಂದು ವಾರದ ಜಾಹೀರಾತಿನಲ್ಲಿ ಇಳಿಸಿದ ಬೆಲೆಯನ್ನು ಸಾರಿ, ಅದನ್ನು ನಂಬಿ ಬಂದವರಿಗೆ ಬರಿದಾದ ಕಪಾಟನ್ನಷ್ಟೇ ತೋರಿಸಿದರೆ, ಅವರು ನಿರಾಶರಾಗಿ ಹಿಂದಿರುಗಬೇಕಾದುದಿಲ್ಲ. ಗ್ರಾಹಕ ಸೇವೆಯ ಮೇಜಿನ ಬಳಿ ‘ರೇನ್‌ಚೆಕ್’ ಎಂಬ ಚೀಟಿಯನ್ನು ಕೇಳಿ ಪಡೆದರೆಂದರೆ, ಸರಕು ಮರಳಿ ಬಂದಾಗ, ರಿಯಾಯಿತಿಯ ವಾರವು ಕಳೆದುಹೋಗಿದ್ದರೂ, ಅದೇ ಬೆಲೆಗೆ ಕೊಳ್ಳಬಹುದು.

ಇದು ಕೇವಲ ವರ್ತಕನ ಔದಾರ್ಯವಲ್ಲ. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 1971ರಲ್ಲಿ ವಿಧಿಸಿ 1989ರಲ್ಲಿ ತಿದ್ದಿದ ನಿಯಮದಂತೆ, ಜಾಹೀರಾತಿಗೆ ತಕ್ಕಷ್ಟು ಆಹಾರವಸ್ತುವನ್ನು ತರಿಸಿಡದ ಮಳಿಗೆಯು ಇಂತಹ ಚೀಟಿಯನ್ನೋ, ಸಮಾನವಾದ ಬೇರೊಂದು ವಸ್ತುವನ್ನು ಅಂತಹುದೇ ರಿಯಾಯಿತಿಯಲ್ಲೋ, ತತ್ಸಮಾನ ಪರಿಹಾರವನ್ನೋ ನೀಡತಕ್ಕದ್ದು. ದಾಸ್ತಾನು ಪರಿಮಿತವೆಂದು ಜಾಹೀರಾತಿನಲ್ಲಿಯೇ ಸ್ಪಷ್ಟವಾಗಿ ನಮೂದಿಸಿದ್ದರೆ ಈ ಬಾಧ್ಯತೆಯಿಲ್ಲ.

ನನ್ನ ದೃಷ್ಟಿಯಲ್ಲಿ ಈ ಚೀಟಿಯ ನಿಜವಾದ ಲಾಭವಿರುವುದು ಕಾಲಾವಕಾಶದಲ್ಲಿ: ಮನೆಯಲ್ಲಿರುವುದು ಮುಗಿಯುವವರೆಗೆ ಕಾದು, ಅಷ್ಟರಲ್ಲಿ ತಯಾರಕರ ಕೂಪನ್ನೂ ದೊರೆತರೆ, ಮಳಿಗೆಯು ಸಮ್ಮತಿಸುವಲ್ಲಿ ಎರಡನ್ನೂ ಒಟ್ಟಿಗೆ ಬಳಸಿ ವೆಚ್ಚವನ್ನು ಮತ್ತಷ್ಟು ತಗ್ಗಿಸಿಕೊಳ್ಳಬಹುದು. ಅಲ್ಲಿ ಸಂಸಾರ ಹೂಡಿರುವ ನಮ್ಮ ಕನ್ನಡ ಬಂಧುಗಳೂ ಸಂಕೋಚವಿಲ್ಲದೆ ಕೇಳಲಿ. ಚೀಟಿಯಲ್ಲಿ ವಸ್ತುವಿನ ಹೆಸರು, ತೂಕ, ಬೆಲೆ, ಎಷ್ಟು ಕೊಳ್ಳಬಹುದೆಂಬ ಮಿತಿ ಇವೆಲ್ಲ ಸರಿಯಾಗಿವೆಯೇ ಎಂಬುದನ್ನು ಮೇಜಿನ ಬಳಿಯೇ ಓದಿ ನೋಡಿರಿ. ಅವಧಿಯು ಮಳಿಗೆಯಿಂದ ಮಳಿಗೆಗೆ ಭಿನ್ನವಾಗಿರುವುದರಿಂದ, ಕಡೆಯ ದಿನಾಂಕವನ್ನು ವಿಶೇಷವಾಗಿ ಗಮನಿಸಿರಿ.