ತುಂಬೆ: ಗುಣವೂ ಮಿತಿಯೂ

ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ನಾಡಿನ ಹೊಲದ ಬದುಗಳಲ್ಲಿ, ಬೀಳುಭೂಮಿಯಲ್ಲಿ ತುಂಬೆಯ ಬೆಳ್ಳನೆಯ ಹೂಗಳು ಅರಳಿ ನಿಲ್ಲುತ್ತವೆ. ಲಿಂಗಪೂಜೆಗೆ ಬಿಲ್ವಪತ್ರೆಯೊಡನೆ ತುಂಬೆಯ ಹೂವನ್ನು ಏರಿಸುವ ಪದ್ಧತಿ ಸದ್ಭಕ್ತರೆಲ್ಲರಿಗೂ ತಿಳಿದದ್ದೇ. ಪೂಜೆಯ ಹೂವೆಂಬ ಗೌರವದಿಂದಲೋ ಏನೋ, ತುಂಬೆಯು ಸರ್ವರೋಗಕ್ಕೂ ಮದ್ದೆಂಬ ಭಾವನೆ ಹಲವರಲ್ಲಿ ಬೇರೂರಿದೆ. ಆದ್ದರಿಂದ ಈ ಗಿಡದ ಗುಣವನ್ನೂ ಮಿತಿಯನ್ನೂ ಇಲ್ಲಿ ವಿವರಿಸಲು ಬಯಸುತ್ತೇವೆ.

ತುಂಬೆಯು ತುಳಸಿಯ ಕುಟುಂಬಕ್ಕೆ ಸೇರಿದ ಸಸ್ಯ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲ್ಯೂಕಸ್ ಆಸ್ಪೆರಾ. ಹೂವಿನ ಆಕಾರ ದೊನ್ನೆಯನ್ನು ಹೋಲುವುದರಿಂದ ಸಂಸ್ಕೃತದಲ್ಲಿ ದ್ರೋಣಪುಷ್ಪಿ ಎಂದು ಕರೆದರು. ಭಾವಪ್ರಕಾಶ ನಿಘಂಟು ಇದನ್ನು ಉಷ್ಣ, ತೀಕ್ಷ್ಣ, ರೂಕ್ಷವೆಂದು ವರ್ಣಿಸಿ, ಕಫ, ಆಮ, ಬಾವು, ಶ್ವಾಸ, ಕಾಮಲೆಗಳಲ್ಲಿ ಹಿತಕರವೆನ್ನುತ್ತದೆ. ಜೊತೆಗೆ ಇದು ವಾತ ಪಿತ್ತಗಳನ್ನು ಹೆಚ್ಚಿಸುವುದೆಂದೂ ಎಚ್ಚರಿಸುತ್ತದೆ. ಗುಣವನ್ನು ನೆನಪಿಡುವ ನಾವು ಎಚ್ಚರಿಕೆಯನ್ನು ಮರೆಯುತ್ತೇವೆ.

ಮನೆಮದ್ದಾಗಿ ತುಂಬೆಯ ಉಪಯೋಗ ಮುಖ್ಯವಾಗಿ ಮೂರು. ನೆಗಡಿಯಿಂದ ಮೂಗು ಕಟ್ಟಿ ತಲೆ ಭಾರವಾದಾಗ ಒಂದು ಹಿಡಿ ಸೊಪ್ಪನ್ನು ಕುದಿಯುವ ನೀರಿಗೆ ಹಾಕಿ ಹಬೆ ತೆಗೆದುಕೊಳ್ಳಬಹುದು. ಕಫದ ಕೆಮ್ಮಿಗೆ ವಯಸ್ಕರು ಒಂದು ಚಮಚ, ಎಂದರೆ 5 ಮಿ.ಲೀ. ಎಲೆಯ ರಸವನ್ನು ಜೇನಿನೊಡನೆ ದಿನಕ್ಕೆ ಎರಡು ಬಾರಿ ಊಟದ ನಂತರ ಮೂರು ದಿನಗಳ ಮಟ್ಟಿಗೆ ಸೇವಿಸಬಹುದು. ಚರ್ಮದ ಸಣ್ಣ ತುರಿಕೆಗೆ ಎಲೆಯನ್ನರೆದು ಲೇಪಿಸಬಹುದು. ಮೊದಲು ಮುಂಗೈಯ ಮೇಲೆ ಸ್ವಲ್ಪ ಹಚ್ಚಿ, ಉರಿ ಬಾರದಿದ್ದರೆ ಮಾತ್ರ ಮುಂದುವರಿಯಬೇಕು. ಇಷ್ಟರಲ್ಲಿ ಗುಣ ಕಾಣದಿದ್ದರೆ, ಜ್ವರವೋ ಉಬ್ಬಸವೋ ಜೊತೆಗಿದ್ದರೆ, ವೈದ್ಯರನ್ನು ಕಾಣತಕ್ಕದ್ದು.

ಗರ್ಭಿಣಿಯರು, ಹುಳಿತೇಗು ಮತ್ತು ಎದೆಯುರಿಯುಳ್ಳವರು ತುಂಬೆಯ ರಸವನ್ನು ಸೇವಿಸದಿರುವುದು ಕ್ಷೇಮ. ಎಳೆಯ ಮಕ್ಕಳ ಬಾಯಿಗೂ ಮೂಗಿಗೂ ರಸವನ್ನು ಹಿಂಡಲೇಬಾರದು. ಒಂದು ವರ್ಷ ತುಂಬದ ಕೂಸಿಗೆ ಜೇನನ್ನೂ ಕೊಡಬಾರದು. ಇನ್ನೊಂದು ಮಾತು ಈ ಕಾಲದ್ದು. ಬದುಗಳಿಗೆ ಕಳೆನಾಶಕ ಸಿಂಪಡಿಸುವುದು ಇಂದು ಸಾಮಾನ್ಯ. ಅಂಥಲ್ಲಿ ಬೆಳೆದ ಸೊಪ್ಪು ಎಷ್ಟು ತೊಳೆದರೂ ಮದ್ದಿಗೆ ಯೋಗ್ಯವಲ್ಲ. ಹಿತ್ತಲಲ್ಲಿ ನಾಲ್ಕು ಗಿಡ ಬೆಳೆಸಿಕೊಂಡರೆ ಪೂಜೆಗೂ ಆಯಿತು, ಮದ್ದಿಗೂ ಆಯಿತು.

ಇನ್ನು ಕಾಮಲೆಯ ವಿಚಾರ. ತುಂಬೆಯ ರಸವನ್ನು ಕಣ್ಣಿಗೆ ಅಂಜನವಾಗಿ ಬಳಸುವ ಉಲ್ಲೇಖ ಪ್ರಾಚೀನ ಗ್ರಂಥಗಳಲ್ಲಿದೆ ನಿಜ. ಆದರೆ ಅದು ವೈದ್ಯನ ಕೈಯ ಕ್ರಮವೇ ಹೊರತು ಮನೆಯಲ್ಲಿ ಮಾಡುವಂಥದಲ್ಲ. ಶುದ್ಧವಲ್ಲದ ರಸದಿಂದ ಕಣ್ಣಿನ ಪಾಪೆಗೆ ಹುಣ್ಣಾಗಿ ದೃಷ್ಟಿಗೇ ಕುಂದು ಬರಬಹುದು. ಮೂಗಿಗೆ ರಸ ಬಿಟ್ಟಾಗ ಸುರಿಯುವ ಹಳದಿ ನೀರನ್ನು ಕಾಮಲೆಯೇ ಇಳಿಯಿತೆಂದು ಹಲವರು ನಂಬುತ್ತಾರೆ. ಅದು ಕೆರಳಿದ ಮೂಗಿನ ಸ್ರಾವ ಮಾತ್ರ. ಕಾಮಲೆಯು ಒಂದು ಲಕ್ಷಣ. ಅದರ ಹಿಂದೆ ಕಲುಷಿತ ನೀರಿನಿಂದ ಬಂದ ಯಕೃತ್ತಿನ ಸೋಂಕಿರಬಹುದು, ಪಿತ್ತಕೋಶದ ಕಲ್ಲಿರಬಹುದು, ಮದ್ಯಪಾನದ ಫಲವಿರಬಹುದು. ರಕ್ತಪರೀಕ್ಷೆಯಿಲ್ಲದೆ ಕಾರಣ ತಿಳಿಯದು.

ಎಲ್ಲಕ್ಕಿಂತ ಗಂಭೀರವಾದದ್ದು ಹಾವಿನ ಕಡಿತ. ಕಚ್ಚಿದ ಕೂಡಲೇ ತುಂಬೆಯ ರಸ ಕುಡಿಸಿ, ಗಾಯಕ್ಕೆ ಸೊಪ್ಪು ಕಟ್ಟಿ ಕಾಯುವವರು ಇಂದಿಗೂ ಇದ್ದಾರೆ. ಇದರಿಂದ ಬದುಕಿದವರಿದ್ದಾರಲ್ಲ ಎಂದು ಕೆಲವರು ಕೇಳಬಹುದು. ಕಚ್ಚುವ ಹಾವುಗಳಲ್ಲಿ ಅನೇಕವು ವಿಷರಹಿತ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಏನನ್ನೂ ಕುಡಿಯದಿದ್ದರೂ ಬದುಕುತ್ತಿದ್ದರು, ಕೀರ್ತಿ ಮಾತ್ರ ತುಂಬೆಗೆ ಸಂದಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವುಗಳ ವಿಷ ದೇಹಕ್ಕೇರಿದಾಗ ಪ್ರತಿವಿಷದ ಚುಚ್ಚುಮದ್ದೊಂದೇ ಮದ್ದು. ಕಟ್ಟುಹಾವಿನ ಕಡಿತದಲ್ಲಿ ನೋವು ಬಾವುಗಳಿಲ್ಲದೆಯೇ ಉಸಿರಾಟ ನಿಲ್ಲಬಹುದು. ಆದುದರಿಂದ ನೋವಿಲ್ಲವೆಂದು ನಿಶ್ಚಿಂತರಾಗಬಾರದು.

ಕಡಿತವಾದಾಗ ರೋಗಿಯನ್ನು ಓಡಾಡಿಸದೆ ಮಲಗಿಸಬೇಕು. ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆಯಬೇಕು. ಕಚ್ಚಿದ ಅಂಗ ಅಲುಗಾಡದಂತೆ ಕೋಲಿನ ಆಸರೆ ಕೊಡಬೇಕು. ಗಾಯವನ್ನು ಕೊಯ್ಯುವುದಾಗಲಿ, ಚೀಪುವುದಾಗಲಿ, ಹಗ್ಗದಿಂದ ಬಿಗಿಯುವುದಾಗಲಿ ಸಲ್ಲದು. 108ಕ್ಕೆ ಕರೆ ಮಾಡಿ ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿರುವುದು ಈ ವಿಷಯದ ಗಾಂಭೀರ್ಯಕ್ಕೆ ಸಾಕ್ಷಿ.

ನಾವು ಆಯುರ್ವೇದದ ವೈದ್ಯರೇ ಆಗಿ ಈ ಮಾತನ್ನು ಹೇಳುತ್ತಿದ್ದೇವೆ. ಮದ್ದಿನ ಮಿತಿಯನ್ನು ಅರಿಯುವುದು ಮದ್ದಿಗೆ ಮಾಡುವ ಅವಮಾನವಲ್ಲ. ನೆಗಡಿ ಕೆಮ್ಮುಗಳಿಗೆ ತುಂಬೆಯನ್ನು ಧಾರಾಳವಾಗಿ ನೆನೆಯಿರಿ. ಹಾವು ಕಚ್ಚಿದಾಗ, ಕಣ್ಣು ಹಳದಿಯಾದಾಗ ಮೊದಲು ಆಸ್ಪತ್ರೆಯನ್ನು ನೆನೆಯಿರಿ. ಸಾಧ್ಯವಾದರೆ ಈ ಮಾತನ್ನು ಓದಲು ಬಾರದ ನೆರೆಯವರಿಗೂ ತಿಳಿಸಿರಿ.